ಗಡಿ ದಾಟಿದವರ ಲೆಕ್ಕ ಯಾವ ಸದನದಲ್ಲಿ?

2022ರ ಡಿಸೆಂಬರ್ 22ರಂದು ಬೆಳಗಾವಿಯಲ್ಲಿ ಕರ್ನಾಟಕ ವಿಧಾನಸಭೆ ಗಡಿಯ ಬಗ್ಗೆ ನಿರ್ಣಯ ಅಂಗೀಕರಿಸಿತು. ಐದೇ ದಿನಕ್ಕೆ ನಾಗಪುರದಲ್ಲಿ ಮಹಾರಾಷ್ಟ್ರದ ಸದನಗಳು ಎದುರು ನಿರ್ಣಯ ಮಾಡಿದವು. ಅಂಗುಲ ಅಂಗುಲದ ಮಾತು ಎರಡೂ ಕಡೆ ಕೇಳಿತು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ನಾವು ಅದನ್ನೆಲ್ಲ ಪತ್ರಿಕೆಯಲ್ಲಿ ಓದಿದೆವು. ನೆಲದ ಗೆರೆಯ ಬಗ್ಗೆ ಇಷ್ಟು ಎಚ್ಚರವಿರುವ ಸದನಗಳು, ಸಾಲ ಹೊತ್ತು ಆ ಗೆರೆ ದಾಟುವ ಜನರ ಬಗ್ಗೆ ಎಷ್ಟು ಎಚ್ಚರವಾಗಿವೆ ಎಂದು ಕೇಳುವುದು ತಪ್ಪಾಗಲಾರದು.

ಮಾನವ ಕಳ್ಳಸಾಗಣೆ ಎಂದರೆ ರಾತ್ರೋರಾತ್ರಿ ಮಕ್ಕಳನ್ನು ಎತ್ತಿಕೊಂಡು ಹೋಗುವುದು ಎಂದೇ ಹಲವರ ಕಲ್ಪನೆ. ನಮ್ಮ ಸೀಮೆಯಲ್ಲಿ ಅದು ಹಾಡಹಗಲೇ, ಮುಂಗಡ ಹಣದ ರೂಪದಲ್ಲಿ ಬರಬಲ್ಲದು. ಕಬ್ಬಿನ ಹಂಗಾಮಿಗೆ ಮುಕಾದಮ ಮನೆಗೆ ಬಂದು ಹಣ ಕೊಡುತ್ತಾನೆ. ಗಂಡ ಹೆಂಡತಿ ಇಬ್ಬರೂ ಸೇರಿ ಅವನ ಲೆಕ್ಕದಲ್ಲಿ ಒಂದು 'ಕೊಯ್ತಾ'. ಮುಂಗಡ ಪಡೆದವರೆಲ್ಲ ಜೀತದವರಲ್ಲ, ಇದನ್ನು ಒತ್ತಿ ಹೇಳಬೇಕು. ಆದರೆ ಸಾಲ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ, ಬೇರೆ ಕಡೆ ದುಡಿಯುವಂತಿಲ್ಲ ಎಂದಾದ ಕ್ಷಣ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೊಳಗೆ ಬರುತ್ತದೆ. ಮೋಸದಿಂದಲೋ ಬೆದರಿಸಿಯೋ ಶೋಷಣೆಗೆಂದು ಕರೆದೊಯ್ದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮೂ ಸೇರುತ್ತದೆ. ಅದಕ್ಕೆ ಕನಿಷ್ಠ ಏಳು ವರ್ಷ ಶಿಕ್ಷೆ.

ಕಾನೂನಿನ ಕೊರತೆ ಇಲ್ಲ. ತೊಡಕಿರುವುದು ಗೆರೆಯ ಎರಡು ಬದಿಗಳ ನಡುವೆ. ಆದೋನಿ ಕಡೆಯ ಒಂದು ಕುಟುಂಬ ಬೆಂಗಳೂರಿನ ಆಸುಪಾಸಿನ ಇಟ್ಟಿಗೆ ಭಟ್ಟಿಯಲ್ಲಿ ಸಿಕ್ಕಿತು ಎಂದುಕೊಳ್ಳಿ. ಬಿಡುಗಡೆ ಪ್ರಮಾಣಪತ್ರ ಕೊಡಬೇಕಾದವರು ಕರ್ನಾಟಕದ ಅಧಿಕಾರಿ. ಮೊಕದ್ದಮೆಯೂ ಇಲ್ಲೇ. ಕುಟುಂಬ ಊರಿಗೆ ಮರಳಿದ ಮೇಲೆ ಪುನರ್ವಸತಿ ನೋಡಬೇಕಾದದ್ದು ಆಂಧ್ರದ ಜಿಲ್ಲಾಡಳಿತ. ಕೇಂದ್ರದ ಯೋಜನೆಯಲ್ಲಿ ವಯಸ್ಕ ಪುರುಷನಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಶೋಷಣೆಗೆ ಒಳಗಾದವರಿಗೆ 3 ಲಕ್ಷ ರೂಪಾಯಿ ನೆರವು ಇದೆ. ಆದರೆ ಕೈಗೆ ತಕ್ಷಣ ಬರುವುದು 30,000 ರೂಪಾಯಿಯವರೆಗೆ ಮಾತ್ರ. ಉಳಿದದ್ದನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಜೋಡಿಸಲಾಗಿದೆ. ಶಿಕ್ಷೆಯಾಗಬೇಕಾದದ್ದು ಒಂದು ರಾಜ್ಯದಲ್ಲಿ, ಕಾಯುವವರು ಇನ್ನೊಂದರಲ್ಲಿ.

ಈಗ ಇದನ್ನು ಶಾಸಕರು ಸದನದಲ್ಲಿ ಕೇಳಿದರು ಎನ್ನಿ. ಬೆಂಗಳೂರಿನಲ್ಲಿ 'ರಕ್ಷಿಸಿ ಊರಿಗೆ ಕಳುಹಿಸಲಾಗಿದೆ' ಎಂಬ ಉತ್ತರ ಸಾಕಾಗುತ್ತದೆ. ಅಮರಾವತಿಯಲ್ಲಿ 'ಪ್ರಕರಣ ಕರ್ನಾಟಕದ ನ್ಯಾಯಾಲಯದಲ್ಲಿದೆ' ಎಂದರೆ ಮುಗಿಯಿತು. ಎರಡೂ ಉತ್ತರ ನಿಜ. ಎರಡರಲ್ಲೂ ಆ ಕುಟುಂಬ ಇಲ್ಲ.

ಸಂಸತ್ತು ಈ ಕಂದಕ ಮುಚ್ಚಬಹುದಿತ್ತು. ಕಳ್ಳಸಾಗಣೆ ತಡೆ, ರಕ್ಷಣೆ, ಪುನರ್ವಸತಿ ಮೂರನ್ನೂ ಒಂದೇ ಕಡೆ ತರುವ ಮಸೂದೆ 2018ರ ಜುಲೈ 26ರಂದು ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆ ದಾಟಲಿಲ್ಲ, 2019ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2021ರಲ್ಲಿ ಹೊಸ ಕರಡು ಬಂತು, ಅಲ್ಲೇ ಉಳಿಯಿತು. (ಆ ಮಸೂದೆಗೆ ಟೀಕೆಗಳೂ ಇದ್ದವು. ರಕ್ಷಣೆಯ ಹೆಸರಿನಲ್ಲಿ ವಯಸ್ಕರನ್ನು ಇಚ್ಛೆಗೆ ವಿರುದ್ಧವಾಗಿ ಆಶ್ರಯಧಾಮದಲ್ಲಿ ಇಡುವ ಭಯ ಸುಳ್ಳಲ್ಲ.) 2019ರ ತಿದ್ದುಪಡಿಯಿಂದ ರಾಷ್ಟ್ರೀಯ ತನಿಖಾ ದಳಕ್ಕೆ ಈ ಅಪರಾಧಗಳ ತನಿಖೆಯ ಅಧಿಕಾರ ಸಿಕ್ಕಿದೆ. ದೊಡ್ಡ ಜಾಲಗಳಿಗೆ ಅದು ಸರಿ. ಒಂದು ಭಟ್ಟಿಯ ನಾಲ್ಕು ಜನರಿಗಾಗಿ ಆ ದಳ ಬರುತ್ತದೆಂದು ನಾವು ನಂಬುವುದಿಲ್ಲ.

ಅಂಕಿಅಂಶದ ಬಗ್ಗೆಯೂ ಒಂದು ಮಾತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕಳ್ಳಸಾಗಣೆ ಪ್ರಕರಣ 2,250. ಅತಿ ಹೆಚ್ಚು ತೆಲಂಗಾಣದಲ್ಲಿ, 391. ಇದನ್ನು ಹಿಡಿದು ತೆಲಂಗಾಣವನ್ನು ಹೀಯಾಳಿಸುವುದು ಸುಲಭ, ಆದರೆ ಅಲ್ಲಿನ ಪೊಲೀಸರು ಹೆಚ್ಚು ದಾಖಲಿಸುತ್ತಾರೆ ಎಂದೂ ಅದನ್ನು ಓದಬಹುದು. ಸೊನ್ನೆ ತೋರಿಸುವ ಜಿಲ್ಲೆಯೇ ಹೆಚ್ಚು ಅನುಮಾನ ಹುಟ್ಟಿಸಬೇಕು. ಪ್ರಕರಣ ಎಲ್ಲಿ ದಾಖಲಾಯಿತೋ ಆ ರಾಜ್ಯದ ಲೆಕ್ಕಕ್ಕೆ ಅದು ಹೋಗುತ್ತದೆ. ಕರೆದೊಯ್ದ ಊರಿನ ಶಾಸಕರ ಮೇಜಿಗೆ ಆ ಸಂಖ್ಯೆ ಬರುವುದೇ ಇಲ್ಲ.

ನಮ್ಮ ಸದಸ್ಯರು ಮತ ಹಾಕುವುದು ಆರು ರಾಜ್ಯಗಳಲ್ಲಿ. ಗಡಿಯ ಎರಡೂ ಬದಿಯ ಶಾಸಕರನ್ನು ಒಂದೇ ವಾರದಲ್ಲಿ ಒಂದೇ ಪ್ರಶ್ನೆಯೊಂದಿಗೆ ಕಾಣಬಲ್ಲ ಸಂಘಗಳು ಹೆಚ್ಚಿಲ್ಲ. ಜೀತ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ, ಉಪವಿಭಾಗದಲ್ಲೂ ಜಾಗೃತ ಸಮಿತಿ ಇರಬೇಕು. ಜಿಲ್ಲಾಧಿಕಾರಿಯೇ ಜಿಲ್ಲಾ ಸಮಿತಿಯ ಅಧ್ಯಕ್ಷರು. ಸಾಂಗ್ಲಿ, ಕರ್ನೂಲು, ಈರೋಡ್, ಕೃಷ್ಣಗಿರಿ ಜಿಲ್ಲೆಗಳ ಸಮಿತಿಗಳು ಕಳೆದ ವರ್ಷ ಎಷ್ಟು ಸಲ ಸೇರಿದವು? ಹೊರರಾಜ್ಯದಿಂದ ಬಿಡುಗಡೆಯಾಗಿ ಬಂದವರು ಎಷ್ಟು, ಅವರಲ್ಲಿ ಪೂರ್ತಿ ಹಣ ಪಡೆದವರು ಎಷ್ಟು? ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು, ಮರುಪ್ರಶ್ನೆಗೂ ಅವಕಾಶವಿದೆ. 'ಪರಿಶೀಲಿಸುತ್ತೇವೆ' ಎಂದರೆ ಅದನ್ನು ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಆ ಸಮಿತಿಗೆ ಪತ್ರ ಬರೆಯುವವರು ಕಡಿಮೆ, ಅಷ್ಟೆ.

ಭಾಷೆಯ ವಿಷಯವೂ ನಮ್ಮದೇ. ಕನ್ನಡ ಮಾತ್ರ ಬಲ್ಲ ತಾಳವಾಡಿಯ ಹುಡುಗಿಯ ಹೇಳಿಕೆ ತಮಿಳಿನಲ್ಲಿ, ಜತ್ತದವಳದ್ದು ಮರಾಠಿಯಲ್ಲಿ ದಾಖಲಾದರೆ, ಮುಂದೆ ಪಾಟೀಸವಾಲಿನಲ್ಲಿ ಅವಳದೇ ಮಾತು ಅವಳಿಗೆ ತಿರುಗಿಬೀಳಬಹುದು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ 26ನೇ ಕಲಮು ಹೇಳಿಕೆ ಪಡೆಯುವಾಗ ದುಭಾಷಿಯ ನೆರವಿಗೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಎರಡು ಭಾಷೆ ಬಲ್ಲ ನಿವೃತ್ತ ಶಿಕ್ಷಕರು ಊರೂರಿಗೂ ಇದ್ದಾರೆ. ಜಾಗೃತ ಸಮಿತಿಯಲ್ಲಿ ಸಮಾಜ ಸೇವಕರಿಗೆಂದೇ ಎರಡು ಸ್ಥಾನಗಳಿವೆ, ನೇಮಿಸುವವರು ಜಿಲ್ಲಾಧಿಕಾರಿ. ನಿಮ್ಮ ಜಿಲ್ಲೆಯಲ್ಲಿ ಆ ಸ್ಥಾನಗಳಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ, ಖಾಲಿ ಇದ್ದರೆ ಶಾಖೆಯ ಕಾರ್ಯದರ್ಶಿಗೆ ತಿಳಿಸಿ. ಮುಂದಿನ ಕಬ್ಬಿನ ಹಂಗಾಮು ಶುರುವಾಗುವ ಮೊದಲೇ ಹೆಸರುಗಳನ್ನು ಕಳುಹಿಸಬೇಕು.