ಕಾನೂನಿಗೆ ಬಣ್ಣವಿರಲಿಲ್ಲ, ಕಚೇರಿಗಿತ್ತು

ಎರಡು ವರ್ಷಗಳ ಹಿಂದೆ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳೂ ಅಳಿಯನೂ ಆಗಷ್ಟೇ ಒಂದು ಹಳೆಯ ಮನೆ ಕೊಂಡಿದ್ದರು. ಕಂದಾಯ ಇಲಾಖೆಯಲ್ಲಿ ಮೂರು ದಶಕ ಕಳೆದವನಿಗೆ ಆಸ್ತಿಯ ಕಾಗದ ಕಂಡರೆ ಓದದೆ ಇರಲಾಗದು. ದಾಖಲೆಗಳ ಕಟ್ಟನ್ನು ಬಿಚ್ಚಿ ಮೂಲ ಕ್ರಯಪತ್ರದಿಂದಲೇ ಆರಂಭಿಸಿದೆ. 1940ರ ದಶಕದ ಪತ್ರವೊಂದರಲ್ಲಿ, ಕೋಳಿ ಸಾಕಬಾರದು, ಬೇಲಿ ಇಂತಿಷ್ಟೇ ಎತ್ತರವಿರಬೇಕು ಎಂಬ ಷರತ್ತುಗಳ ನಡುವೆ ಇನ್ನೊಂದು ಷರತ್ತೂ ಇತ್ತು: ಮನೆಗೆಲಸದವರ ಹೊರತಾಗಿ, ಕಾಕೇಷಿಯನ್ ಜನಾಂಗಕ್ಕೆ ಸೇರದ ಯಾರೂ ಈ ಸ್ವತ್ತಿನಲ್ಲಿ ವಾಸಿಸತಕ್ಕದ್ದಲ್ಲ. ಮಗಳಿಗೆ ತೋರಿಸಿದೆ. ‘ಅದು ಈಗ ಲೆಕ್ಕಕ್ಕಿಲ್ಲವಂತೆ ಅಪ್ಪ, ವಕೀಲರು ಹೇಳಿದರು’ ಎಂದಳು. ನಿಜವೇ. ಇಂತಹ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ತೀರ್ಪಿತ್ತಿತು. ವಸತಿಯಲ್ಲಿ ತಾರತಮ್ಯವನ್ನು 1968ರ ಕಾಯ್ದೆ ನಿಷೇಧಿಸಿತು.

ಆದರೂ ಅದು ಅರ್ಧ ಉತ್ತರವೆಂದೇ ನನಗನ್ನಿಸಿತು. ಷರತ್ತು ಸತ್ತಿದೆ, ಅದು ಬದುಕಿದ್ದ ಕಾಲದಲ್ಲಿ ಹಂಚಿಹೋದ ಆಸ್ತಿ ಸತ್ತಿಲ್ಲ. ಅಮೆರಿಕದ ಸಮಾಜವನ್ನು ರೂಪಿಸಿದ ವರ್ಣ, ಲಿಂಗ ಮತ್ತು ಯುದ್ಧಗಳನ್ನು ನಾವು ಸಾಮಾನ್ಯವಾಗಿ ಮೂರು ಬೇರೆ ಅಧ್ಯಾಯಗಳಾಗಿ ಓದುತ್ತೇವೆ. ಲಿಂಕನ್ ಹಾಗೂ ಮಾರ್ಟಿನ್ ಲೂಥರ್ ಕಿಂಗ್ ಒಂದು ಕಡೆ, ಮಹಿಳಾ ಮತಾಧಿಕಾರ ಇನ್ನೊಂದು ಕಡೆ, ಮಹಾಯುದ್ಧಗಳು ಮತ್ತೊಂದು ಕಡೆ. ವಾಸ್ತವದಲ್ಲಿ ಮೂರೂ ಒಂದೇ ಕಡತದಲ್ಲಿವೆ. ಯುದ್ಧ ಬಂದಾಗಲೆಲ್ಲ ಅಮೆರಿಕ ತಾನು ಹೊರಗಿಟ್ಟವರನ್ನು ಒಳಗೆ ಕರೆದಿದೆ. ಪ್ರತಿಫಲ ಹಂಚುವ ಹೊತ್ತಿಗೆ ಮತ್ತೆ ಬಾಗಿಲಾಚೆ ನಿಲ್ಲಿಸಿದೆ. ಹಾಗೆ ನಿಲ್ಲಿಸಿದ್ದು ಅನೇಕ ಸಲ ಶಾಸನವಲ್ಲ, ಶಾಸನವನ್ನು ಜಾರಿಗೊಳಿಸಿದ ಕಚೇರಿ.

ಇದಕ್ಕೆ ಹಳೆಯ ನಿದರ್ಶನಗಳೂ ಇವೆ. ಅಂತರ್ಯುದ್ಧದಲ್ಲಿ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಉತ್ತರದ ಸೇನೆಯಲ್ಲಿ ಹೋರಾಡಿದರು. 1865ರ ಜನವರಿಯಲ್ಲಿ ಜನರಲ್ ಶೆರ್ಮನ್, ದಕ್ಷಿಣದ ಕರಾವಳಿಯ ಜಮೀನನ್ನು ವಿಮೋಚಿತ ಕುಟುಂಬಗಳಿಗೆ 40 ಎಕರೆವರೆಗೆ ಹಂಚಲು ಆದೇಶಿಸಿದ. ಅವರಿಗೆ ಶಾಶ್ವತ ಹಕ್ಕು ದೊರೆಯುವ ಮೊದಲೇ, ಅದೇ ವರ್ಷ, ಅಧ್ಯಕ್ಷ ಆ್ಯಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಮಾಲೀಕರಿಗೆ ಮರಳಿಸಿದ. 1918ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ವಿಲ್ಸನ್ ಸೆನೆಟ್ಟಿಗೆ ಬಂದು, ಯುದ್ಧದ ಗೆಲುವಿಗೆ ಮಹಿಳೆಯರ ಮತಾಧಿಕಾರ ಅಗತ್ಯವೆಂದು ವಾದಿಸಿದ. 1920ರಲ್ಲಿ ಅದು ಸಂವಿಧಾನಕ್ಕೆ ಸೇರಿತು. ಆದರೆ ದಕ್ಷಿಣದ ಬಹುಪಾಲು ಕಪ್ಪು ಮಹಿಳೆಯರು ಸಾಕ್ಷರತಾ ಪರೀಕ್ಷೆ, ತಲೆಗಂದಾಯ, ಬೆದರಿಕೆಗಳನ್ನು ದಾಟಿ ಮತಗಟ್ಟೆ ಸೇರಲು 1965ರವರೆಗೆ ಕಾಯಬೇಕಾಯಿತು.

ಈ ವಿನ್ಯಾಸ ಅತ್ಯಂತ ನಿಚ್ಚಳವಾಗಿ ಕಾಣುವುದು 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ, ‘ಜಿ.ಐ. ಬಿಲ್’ ಎಂದೇ ಹೆಸರಾದ ಯೋಧರ ಪುನರ್ವಸತಿ ಕಾಯ್ದೆಯಲ್ಲಿ. ಎರಡನೆಯ ಮಹಾಯುದ್ಧದಿಂದ ಮರಳುವ ಸುಮಾರು 1.6 ಕೋಟಿ ಯೋಧರಿಗೆ ಕಾಲೇಜು ಶುಲ್ಕ, ವಾರಕ್ಕೆ 20 ಡಾಲರಿನಂತೆ ಒಂದು ವರ್ಷದವರೆಗೆ ನಿರುದ್ಯೋಗ ಭತ್ಯೆ, ಮನೆ ಅಥವಾ ಉದ್ಯಮದ ಸಾಲಕ್ಕೆ ಸರ್ಕಾರದ ಖಾತರಿ ಇವು ಅದರ ಮುಖ್ಯಾಂಶಗಳು. ಸುಮಾರು 78 ಲಕ್ಷ ಮಂದಿ ಅದರಡಿ ಶಿಕ್ಷಣ ಇಲ್ಲವೆ ತರಬೇತಿ ಪಡೆದರು. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಜಿ ಯೋಧರಿದ್ದರು. 1952ರ ವೇಳೆಗೆ ಸುಮಾರು 24 ಲಕ್ಷ ಗೃಹಸಾಲಗಳಿಗೆ ಸರ್ಕಾರ ಬೆಂಬಲವಾಗಿ ನಿಂತಿತ್ತು. ನಮ್ಮ ಎಂ.ಎ. ತರಗತಿಯಲ್ಲಿ ಅಮೆರಿಕದ ಯುದ್ಧೋತ್ತರ ಸಮೃದ್ಧಿಯನ್ನು ಕೇನ್ಸ್ ಪ್ರತಿಪಾದಿಸಿದ ಒಟ್ಟು ಬೇಡಿಕೆಯ ಪರಿಭಾಷೆಯಲ್ಲಿ ವಿವರಿಸುತ್ತಿದ್ದರು. ಆ ಬೇಡಿಕೆ ಯಾರ ಕೈಯಲ್ಲಿತ್ತು ಎಂದು ನಾವು ಯಾರೂ ಕೇಳಲಿಲ್ಲ.

ಕಾಯ್ದೆಯ ಪಠ್ಯದಲ್ಲಿ ಬಿಳಿಯ, ಕಪ್ಪು ಎಂಬ ಭೇದವಿರಲಿಲ್ಲ. ಆದರೆ ಮಸೂದೆ ರೂಪಿಸಿದ ಸಮಿತಿಯ ಅಧ್ಯಕ್ಷನಾಗಿದ್ದವನು ಮಿಸಿಸಿಪ್ಪಿಯ ಜಾನ್ ರ‍್ಯಾಂಕಿನ್, ಜನಾಂಗ ಪ್ರತ್ಯೇಕತೆಯ ಕಟ್ಟಾ ಪ್ರತಿಪಾದಕ. ಮರಳಿ ಬಂದ ಕಪ್ಪು ಸೈನಿಕನಿಗೆ ಮನೆಯಲ್ಲಿ ಕುಳಿತೇ ವಾರಕ್ಕೆ 20 ಡಾಲರ್ ದೊರೆತರೆ ಹತ್ತಿ ಹೊಲದ ಕೂಲಿಗೆ ಯಾರು ಬಂದಾರು ಎಂಬುದು ದಕ್ಷಿಣದ ಭೂಮಾಲೀಕರ ಆತಂಕ. ಅರ್ಥಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ಲೆಕ್ಕಾಚಾರವೇ. ಕೂಲಿಯ ದರ ನಿಂತಿರುವುದು ಕೂಲಿಕಾರನಿಗೆ ಬೇರೆ ದಾರಿ ಇಲ್ಲದಿರುವುದರ ಮೇಲೆ. ಆದ್ದರಿಂದ ರ‍್ಯಾಂಕಿನ್ ಮತ್ತು ಸಂಗಡಿಗರು ಹಣ ವಾಷಿಂಗ್ಟನ್ನಿನದಾದರೂ ಜಾರಿ ಸ್ಥಳೀಯರ ಕೈಯಲ್ಲಿರಬೇಕೆಂದು ಹಟ ಹಿಡಿದು ಗೆದ್ದರು. ಭತ್ಯೆಯೂ ಉದ್ಯೋಗವೂ ಸ್ಥಳೀಯ ಕಚೇರಿಯ ಮೂಲಕ, ಪ್ರವೇಶ ಕಾಲೇಜಿನ ಇಚ್ಛೆಯಂತೆ, ಸಾಲ ಬ್ಯಾಂಕಿನ ವಿವೇಚನೆಯಂತೆ. ಸರ್ಕಾರ ಸಾಲಕ್ಕೆ ಖಾತರಿ ಕೊಡುತ್ತಿತ್ತೇ ಹೊರತು ಸಾಲ ಕೊಡುತ್ತಿರಲಿಲ್ಲ.

ಪರಿಣಾಮವನ್ನು ಒಂದೇ ಲೆಕ್ಕ ಹೇಳುತ್ತದೆ. 1947ರಲ್ಲಿ ಮಿಸಿಸಿಪ್ಪಿಯ 13 ನಗರಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಮನೆ, ವ್ಯಾಪಾರ, ಕೃಷಿಗಾಗಿ ಈ ಯೋಜನೆಯಡಿ ಮಂಜೂರಾದ 3,229 ಸಾಲಗಳಲ್ಲಿ ಕಪ್ಪು ಯೋಧರಿಗೆ ಸಿಕ್ಕಿದ್ದು ಎರಡೇ ಎರಡು. ಆ ರಾಜ್ಯದ ಜನಸಂಖ್ಯೆಯ ಸುಮಾರು ಅರ್ಧದಷ್ಟು ಕಪ್ಪು ಜನರಿದ್ದರು. ಉತ್ತರದಲ್ಲಿ ತಡೆ ಬೇರೆ ರೂಪದ್ದು. 1947ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಆರಂಭವಾದ ಲೆವಿಟ್‌ಟೌನ್ ಬಡಾವಣೆಯಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದವು. ಯೋಧರಿಗೆ ಸರ್ಕಾರಿ ಖಾತರಿಯ ಸಾಲದಲ್ಲಿ ದೊರೆಯುತ್ತಿದ್ದ ಆ ಮನೆಗಳ ಕರಾರಿನಲ್ಲೂ ನನ್ನ ಮಗಳ ಮನೆಯ ಪತ್ರದಲ್ಲಿದ್ದಂತಹ ಷರತ್ತೇ ಇತ್ತು.

ಇದನ್ನು ಓದುವಾಗ ನನ್ನ ಸೇವೆಯ ಆರಂಭದ ದಿನಗಳು ನೆನಪಾದವು. 1980ರ ದಶಕದಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯಡಿ ಬಡವರಿಗೆ ಸಹಾಯಧನದೊಂದಿಗೆ ಬ್ಯಾಂಕ್ ಸಾಲ ಕೊಡಿಸುವ ಹೊಣೆ ನಮ್ಮದಾಗಿತ್ತು. ಆದೇಶದಲ್ಲಿ ಜಾತಿ ಅಡ್ಡಿಯಾಗಿರಲಿಲ್ಲ, ಲಿಂಗವೂ ಅಡ್ಡಿಯಾಗಿರಲಿಲ್ಲ. ಒಂದು ವರ್ಷದ ಮಂಜೂರಾತಿ ಪಟ್ಟಿಯನ್ನು ಹಳ್ಳಿವಾರು ಇಟ್ಟು ನೋಡಿದಾಗ ಎರಡು ಊರುಗಳ ಕಾಲೊನಿಯಿಂದ ಒಂದು ಹೆಸರೂ ಇರಲಿಲ್ಲ. ಮಹಿಳೆಯರ ಹೆಸರು ಬೆರಳೆಣಿಕೆಯಷ್ಟು. ವಿಚಾರಿಸಿದರೆ, ಜಾಮೀನುದಾರರಿಲ್ಲ, ಪಹಣಿಯಲ್ಲಿ ಹೆಸರಿಲ್ಲ, ಗಂಡನ ಒಪ್ಪಿಗೆ ಇಲ್ಲ ಎಂಬ ಉತ್ತರ. ಯಾರೂ ನಿಯಮ ಮುರಿದಿರಲಿಲ್ಲ. ಆ ಪಟ್ಟಿಗೆ ಅದಕ್ಕೂ ಮೊದಲು ಎರಡು ಸಲ ಸಹಿ ಹಾಕಿದ್ದವನು ನಾನೇ.

ಮಿಸಿಸಿಪ್ಪಿಯಲ್ಲಿ ಇದರ ಹಿಂದೆ ಬಂದೂಕೂ ಇತ್ತೆಂಬುದನ್ನು ಮರೆಯುವಂತಿಲ್ಲ. ನಾರ್ಮಂಡಿಯಲ್ಲಿ ಸೇವೆ ಸಲ್ಲಿಸಿ ಬಂದ ಮೆಡ್ಗರ್ ಎವರ್ಸ್ 1946ರಲ್ಲಿ ತನ್ನೂರಿನಲ್ಲಿ ಮತ ಹಾಕಲು ಹೋದಾಗ ಶಸ್ತ್ರಧಾರಿ ಬಿಳಿಯರು ತಡೆದರು. ಅದೇ ವರ್ಷದ ಫೆಬ್ರುವರಿಯಲ್ಲಿ, ಸೇವೆಯಿಂದ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ, ಸಮವಸ್ತ್ರದಲ್ಲಿಯೇ ಇದ್ದ ಸಾರ್ಜೆಂಟ್ ಐಸಾಕ್ ವುಡರ್ಡ್‌ನನ್ನು ದಕ್ಷಿಣ ಕರೋಲಿನಾದ ಪೊಲೀಸ್ ಮುಖ್ಯಸ್ಥ ಹೊಡೆದು ಎರಡೂ ಕಣ್ಣು ಕಳೆದ. ಬಿಳಿಯರಷ್ಟೇ ಇದ್ದ ಜ್ಯೂರಿ ಆತನನ್ನು ಖುಲಾಸೆಗೊಳಿಸಿತು. ಈ ಪ್ರಕರಣ ಅಧ್ಯಕ್ಷ ಟ್ರೂಮನ್‌ರನ್ನು ಕಲಕಿತು. 1948ರ ಜುಲೈನಲ್ಲಿ ಸೇನೆಯೊಳಗಿನ ಜನಾಂಗ ಪ್ರತ್ಯೇಕತೆಯನ್ನು ಕೊನೆಗಾಣಿಸುವ ಆದೇಶ ಹೊರಬಿತ್ತು. ಎವರ್ಸ್ ನಾಗರಿಕ ಹಕ್ಕುಗಳ ಹೋರಾಟದ ನಾಯಕನಾಗಿ 1963ರಲ್ಲಿ ಹತ್ಯೆಯಾದರು.

ಮಹಿಳೆಯರ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಯುದ್ಧಕಾಲದಲ್ಲಿ ಸುಮಾರು 3.5 ಲಕ್ಷ ಮಹಿಳೆಯರು ಸಶಸ್ತ್ರ ಪಡೆಗಳ ಸಮವಸ್ತ್ರ ಧರಿಸಿದರು; ಲಕ್ಷಾಂತರ ಮಂದಿ ವಿಮಾನ, ಹಡಗು ಕಾರ್ಖಾನೆಗಳಿಗೆ ಹೋದರು. ಸೇನೆಯ ವಿಮಾನಗಳನ್ನು ಚಲಾಯಿಸಿದ ಸಾವಿರಕ್ಕೂ ಹೆಚ್ಚು ಮಹಿಳಾ ಪೈಲಟ್‌ಗಳಲ್ಲಿ 38 ಮಂದಿ ಪ್ರಾಣ ತೆತ್ತರು. ಅವರನ್ನು ಕಾಗದದ ಮೇಲೆ ನಾಗರಿಕ ನೌಕರರೆಂದು ಪರಿಗಣಿಸಿದ್ದರಿಂದ 1977ರವರೆಗೆ ‘ಮಾಜಿ ಯೋಧ’ರೆಂಬ ಮನ್ನಣೆ ಸಿಗಲಿಲ್ಲ. ಯುದ್ಧ ಮುಗಿದೊಡನೆ ಕಾರ್ಖಾನೆಯ ಕೆಲಸಗಳು ಗಂಡಸರಿಗೆ ಮರಳಿದವು. ಯೋಧರಿಂದ ತುಂಬಿದ ಕಾಲೇಜುಗಳಲ್ಲಿ ಮಹಿಳೆಯರ ಪ್ರಮಾಣ ಇಳಿಯಿತು. ಗೃಹಸಾಲ ಕೊಡುವಾಗ ಹೆಂಡತಿಯ ಸಂಪಾದನೆಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯದಿರುವುದು ಬ್ಯಾಂಕುಗಳ ವಾಡಿಕೆಯಾಗಿತ್ತು. ಅದಕ್ಕೆ ಕಾನೂನಿನ ತಡೆ ಬಂದಿದ್ದು 1974ರಲ್ಲಿ.

ವರ್ಣ, ಲಿಂಗ, ಯುದ್ಧ ಮೂರೂ ಒಂದೇ ಕಡೆ ಸೇರಿದ್ದನ್ನು ನೋಡಬೇಕಾದರೆ ಸೇನೆಯ 6888ನೇ ಅಂಚೆ ಬೆಟಾಲಿಯನ್ನಿನ ಕಥೆ ಓದಬೇಕು. 855 ಮಹಿಳೆಯರ ಆ ಪಡೆಯಲ್ಲಿ ಬಹುತೇಕ ಎಲ್ಲರೂ ಕಪ್ಪು ಮಹಿಳೆಯರು; ನಾಯಕಿ ಮೇಜರ್ ಚಾರಿಟಿ ಆ್ಯಡಮ್ಸ್. 1945ರ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಅವರು ಬಂದಾಗ ಗೋದಾಮುಗಳಲ್ಲಿ ಯೋಧರಿಗೆ ತಲುಪದ ಪತ್ರಗಳ ರಾಶಿ ಬಿದ್ದಿತ್ತು. ರಾಬರ್ಟ್ ಸ್ಮಿತ್ ಎಂಬ ಹೆಸರಿನವರೇ ಸಾವಿರಾರು. ಅವರು ಸುಮಾರು 70 ಲಕ್ಷ ಕಾರ್ಡುಗಳ ಸೂಚಿ ಸಿದ್ಧಪಡಿಸಿ, ಮೂರು ಪಾಳಿಗಳಲ್ಲಿ ದುಡಿದು, ಆರು ತಿಂಗಳು ಬೇಕಾದೀತೆಂದು ಅಂದಾಜಿಸಿದ್ದ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು. ಕಡತ ವಿಲೇವಾರಿಯಲ್ಲೇ ಜೀವ ಸವೆಸಿದ ನನ್ನಂಥವನಿಗೆ ಇದು ರಣರಂಗದ ಶೌರ್ಯಕ್ಕಿಂತ ಕಡಿಮೆಯದೆನಿಸಲಿಲ್ಲ. 1946ರಲ್ಲಿ ಅವರ ಪಡೆ ಸದ್ದಿಲ್ಲದೆ ವಿಸರ್ಜನೆಯಾಯಿತು. ಅಮೆರಿಕದ ಸಂಸತ್ತು ಅವರಿಗೆ ಚಿನ್ನದ ಪದಕ ನೀಡುವ ಕಾಯ್ದೆ ಮಾಡಿದ್ದು 2022ರಲ್ಲಿ. ಅಷ್ಟರಲ್ಲಿ ಅವರಲ್ಲಿ ಬಹುತೇಕರು ಬದುಕಿರಲಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಜಿ.ಐ. ಬಿಲ್ಲಿನಿಂದ ಕಪ್ಪು ಯೋಧರಿಗೆ ಏನೂ ಸಿಗಲಿಲ್ಲವೆಂಬುದು ಸರಿಯಲ್ಲ. ಅನೇಕರು ತರಬೇತಿ ಪಡೆದರು, ಪದವಿ ಗಳಿಸಿದರು. ಮುಂದಿನ ಹೋರಾಟಕ್ಕೆ ಅವರಲ್ಲಿ ಹಲವರು ಬಲ ತುಂಬಿದರು. ಇಂದಿನ ಅಸಮಾನತೆಗೆ ಇದೊಂದೇ ಕಾರಣವೂ ಅಲ್ಲ. ಆದರೆ ಮಧ್ಯಮ ವರ್ಗದ ಸಂಪತ್ತು ಮುಖ್ಯವಾಗಿ ಸಂಬಳದಿಂದ ಹುಟ್ಟುವುದಿಲ್ಲ, ಬೆಲೆ ಏರುವ ಮನೆಯಿಂದ ಹುಟ್ಟುತ್ತದೆ. ಅದು ಮಕ್ಕಳ ಓದಿಗೆ ಒದಗುತ್ತದೆ, ಅನಂತರ ಅವರಿಗೇ ಸೇರುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಂತೆ ಬಿಳಿಯ ಕುಟುಂಬಗಳ ಮಧ್ಯಮಾಂಕ ಸಂಪತ್ತು 2,85,000 ಡಾಲರ್, ಕಪ್ಪು ಕುಟುಂಬಗಳದ್ದು 44,900 ಡಾಲರ್. ಈ ಆರು ಪಟ್ಟು ಅಂತರವನ್ನು ಇಂದಿನ ಪರಿಶ್ರಮದ ಅಂತರವೆಂದು ಹೇಳುವವರು ಹಳೆಯ ಕ್ರಯಪತ್ರಗಳನ್ನು ಓದಿಲ್ಲ.

ಹೀಗೆ ಹೇಳುವವರಲ್ಲಿ ನಮ್ಮವರೂ ಇದ್ದಾರೆ ಎಂಬುದೇ ಈ ಲೇಖನಕ್ಕೆ ಪ್ರೇರಣೆ. ಮಗಳ ಮನೆಯ ಗೃಹಪ್ರವೇಶದ ಊಟದಲ್ಲಿ, ‘ನಾವು ಎರಡು ಸೂಟ್‌ಕೇಸ್ ಹಿಡಿದು ಬಂದು ಇಷ್ಟೆಲ್ಲ ಮಾಡಿದೆವು, ಇವರಿಗೇನು ಕಷ್ಟ?’ ಎಂಬ ಮಾತು ಅಚ್ಚಗನ್ನಡದಲ್ಲಿ ಕೇಳಿಬಂತು. ಆ ಸೂಟ್‌ಕೇಸ್ ಅಲ್ಲಿ ಇಳಿಯಲು ಅವಕಾಶವಾದದ್ದು ಹೇಗೆ? ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿದ್ದ ಭಗತ್ ಸಿಂಗ್ ಥಿಂಡ್, ತಾನು ಕಾಕೇಷಿಯನ್, ಆದ್ದರಿಂದ ಪೌರತ್ವಕ್ಕೆ ಅರ್ಹ ಎಂದು ವಾದಿಸಿದ್ದರು. ಪಂಡಿತರ ವರ್ಗೀಕರಣ ಏನೇ ಇರಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ನೀವು ಬಿಳಿಯರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಭಾರತೀಯರು ಅಲ್ಲಿನ ಪೌರತ್ವ ಪಡೆಯಬಹುದೆಂಬ ಕಾನೂನು 1946ರಲ್ಲಿ ಬಂದರೂ ವಲಸೆಗೆ ಕೊಟ್ಟಿದ್ದು ವರ್ಷಕ್ಕೆ 100 ಸ್ಥಾನ. ರಾಷ್ಟ್ರಮೂಲದ ಆ ಕೋಟಾವನ್ನು ಕಿತ್ತೊಗೆದದ್ದು 1965ರ ವಲಸೆ ಕಾಯ್ದೆ. ಸೆಲ್ಮಾದಲ್ಲಿ ಲಾಠಿಯೇಟು ತಿಂದವರು ಮತದಾನದ ಹಕ್ಕಿನ ಕಾಯ್ದೆಯನ್ನು ಗೆದ್ದುಕೊಂಡ ವರ್ಷವೇ ಅದು. ಎರಡೂ ಕಾಯ್ದೆಗಳನ್ನು ಮಾಡಿದ್ದು ಅದೇ ಸಂಸತ್ತು. ಮೈಸೂರು, ಮಣಿಪಾಲ, ಸುರತ್ಕಲ್‌ಗಳಲ್ಲಿ ಓದಿದ ನಮ್ಮ ವೈದ್ಯರು, ಎಂಜಿನಿಯರರು ಒಳಹೋದದ್ದು ಆ ಬಾಗಿಲಿನಿಂದ. ಅದನ್ನು ತೆರೆಯುವುದರಲ್ಲಿ ಕಪ್ಪು ಜನರ ಹೋರಾಟದ ಪಾಲು ದೊಡ್ಡದು.

2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ವಿಶ್ವವಿದ್ಯಾಲಯ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದಿತು. ಸೇನಾ ಅಕಾಡೆಮಿಗಳ ಪ್ರಶ್ನೆಯನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿತು. ಯುದ್ಧದ ಅಗತ್ಯ ಅಲ್ಲೂ ತನ್ನ ಮಾತು ಹೇಳಿತ್ತು. 2025ರಲ್ಲಿ ಹೊಸ ಆಡಳಿತ ಆ ಅಕಾಡೆಮಿಗಳಲ್ಲಿಯೂ ಅದನ್ನು ನಿಲ್ಲಿಸಿತು. ಬಣ್ಣ ನೋಡದ ಕಾನೂನು ಬೇಕೆಂಬ ವಾದ ಕೇಳಲು ಹಿತವಾಗಿದೆ. ಜಿ.ಐ. ಬಿಲ್ ಕೂಡ ಅಂತಹುದೇ ಕಾನೂನಾಗಿತ್ತು. ಆದೇಶದ ಪ್ರತಿ ಓದಿ ತೃಪ್ತರಾಗುವ ಬದಲು ಮಂಜೂರಾತಿ ಪಟ್ಟಿಯನ್ನೂ ಓದುವ ಅಭ್ಯಾಸ ಅಲ್ಲಿಯವರಿಗೂ ಬೇಕು, ಇಲ್ಲಿಯ ನಮಗೂ ಬೇಕು.

ನಾನು ಹೊರಡುವ ಮುನ್ನ ಮಗಳು, ಆ ಹಳೆಯ ಹಾಳೆಯನ್ನು ಕಟ್ಟಿನಿಂದ ತೆಗೆದುಬಿಡಲೇ ಎಂದು ಕೇಳಿದಳು. ಬೇಡವೆಂದೆ. ನಡುವಿನ ಒಂದು ಪತ್ರವಿಲ್ಲದಿದ್ದರೆ ಸ್ವತ್ತು ಯಾರಿಂದ ಯಾರಿಗೆ, ಯಾವ ಷರತ್ತಿನ ಮೇಲೆ ಬಂತೆಂಬುದು ತಿಳಿಯುವುದಿಲ್ಲ. ಇದನ್ನು ನನಗೆ ಕಲಿಸಿದ್ದು ತಾಲ್ಲೂಕು ಕಚೇರಿ.