ಮಗಾ, ನಿನ್ನ ಎಲ್‌ಎಲ್‌ಆರ್ ಟೆಸ್ಟ್ ನೀನೇ ಬರಿ

ನಾನು ಎಲ್‌ಎಲ್‌ಆರ್ ಟೆಸ್ಟನ್ನು ನಾಲ್ಕು ಸಲ ಪಾಸ್ ಮಾಡಿದ್ದೇನೆ. ಒಂದು ಸಲ ನನಗಾಗಿ, ಮೂರು ಸಲ ಪಿಜಿಯ ಗೆಳೆಯರಿಗಾಗಿ. ರೂಮಲ್ಲೇ ಕೂತು ಬರೆಯೋ ಆನ್‌ಲೈನ್ ಟೆಸ್ಟು. ಲ್ಯಾಪ್‌ಟಾಪ್ ಮುಂದೆ ಮುಖ ಅವರದು, ಪಕ್ಕದಲ್ಲಿ ಕೂತು ಉತ್ತರ ಹೇಳೋ ಬಾಯಿ ನನ್ನದು. ಫೀಸು ತಲೆಗೊಂದು ಚಿಕನ್ ಬಿರಿಯಾನಿ. ಬೇಗೂರಿನ ನಮ್ಮ ಪಿಜಿಯಲ್ಲಿ ನನ್ನನ್ನು ಎಲ್ಲರೂ "ಆರ್‌ಟಿಓ" ಅಂತಲೇ ಕರೀತಿದ್ರು. ನಾನೂ ಖುಷಿಯಾಗಿ ಓಗೊಡ್ತಿದ್ದೆ.

ಆ ಖುಷಿ ಇಳಿದುಹೋದ ಕಥೆ ಹೇಳ್ತೀನಿ. ಆಮೇಲೆ ನಿಮಗೊಂದು ಮಾತು ಹೇಳೋದಿದೆ.

ನಮಗೆ ಈ ಟೆಸ್ಟ್ ಅಂದ್ರೆ ತಮಾಷೆ. ಇಂಟರ್ನಲ್ಸಲ್ಲಿ ಅರ್ಧ ಮಾರ್ಕ್ ಕಮ್ಮಿ ಬಂದ್ರೆ ಲೆಕ್ಚರರ್ ಹಿಂದೆ ಮೂರು ದಿನ ಅಲೀತೀವಿ. ಎಲ್‌ಎಲ್‌ಆರ್‌ಗೆ ಮಾತ್ರ ವಾಟ್ಸಾಪಲ್ಲಿ ಬಂದ ಪ್ರಶ್ನೆಗಳ ಪಿಡಿಎಫ್ ತೆಗೆದು, ಹಾಸ್ಟೆಲ್ ಊಟದ ಲೈನಲ್ಲಿ ನಿಂತು ಕಣ್ಣಾಡಿಸ್ತೀವಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೂರಕ್ಕೆ 60 ಬಂದ್ರೆ ಪಾಸು. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ಮೂಲಕ ಆನ್‌ಲೈನಲ್ಲೇ ಮುಗಿಸಬಹುದಾದ 18 ಸೇವೆಗಳ ಪಟ್ಟಿ ಮಾಡಿತು. ಅದರಲ್ಲಿ ಕಲಿಕಾ ಪರವಾನಗಿಯೂ ಇತ್ತು. ಅಲ್ಲಿಂದ ಆಚೆ ಆರ್‌ಟಿಓ ಕಚೇರಿಯ ಕ್ಯೂ ತಪ್ಪಿತು. ಜೊತೆಗೆ ನನ್ನಂಥವರ ಬಿರಿಯಾನಿ ವ್ಯಾಪಾರವೂ ಶುರುವಾಯ್ತು.

ಹೋದ ಮಳೆಗಾಲದ ಒಂದು ಸಂಜೆ ರೂಮ್‌ಮೇಟ್ ಫೋನ್ ಮಾಡಿದ. ನಾನು ಪಾಸ್ ಮಾಡಿಸಿದ ಮೂವರಲ್ಲಿ ಅವನೂ ಒಬ್ಬ. ಬೈಕಿನ ಹಿಂದೆ ಇನ್ನೊಬ್ಬ ಫ್ರೆಂಡನ್ನು ಕೂರಿಸಿಕೊಂಡು ಕ್ರಾಸ್ ರೋಡಿಂದ ಬೇಗೂರು ಮೇನ್ ರೋಡಿಗೆ ಎಡಕ್ಕೆ ತಿರುಗಿದ್ದಾನೆ. ಬಲಗಡೆಯಿಂದ ವಾಟರ್ ಟ್ಯಾಂಕರ್ ಬರ್ತಿತ್ತು, ಕಣ್ಣೆಲ್ಲ ಅದರ ಮೇಲೆ. ಎಡಗಡೆಯಿಂದ ಹಾಲಿನ ಪ್ಯಾಕೆಟ್ ಹಿಡಿದು ನಡೆದು ಬರ್ತಿದ್ದ ತಾತ ಅವನಿಗೆ ಕಾಣಲೇ ಇಲ್ಲ.

"ಮಗಾ, ಒಬ್ರಿಗೆ ಗುದ್ಬಿಟ್ಟೆ. ಬಿದ್ದಿದ್ದಾರೆ. ಏನ್ ಮಾಡ್ಲಿ?"

ಅಪಘಾತ ಆದಾಗ ಚಾಲಕ ಏನು ಮಾಡಬೇಕು ಅನ್ನೋ ಪ್ರಶ್ನೆಗೆ ನಾನು ನಾಲ್ಕು ಸಲವೂ ಸರಿಯಾದ ಆಪ್ಷನ್ ಒತ್ತಿದ್ದೆ. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸಬೇಕು. ಬಾಯಿಪಾಠ. ಆದರೆ ಅವತ್ತು ನನ್ನ ಬಾಯಿಂದ ಬಂದ ಮಾತೇ ಬೇರೆ.

"ಜನ ಸೇರೋ ಮುಂಚೆ ಅಲ್ಲಿಂದ ಬಂದ್ಬಿಡು."

ಅವನು ಫೋನ್ ಇಟ್ಟ. ಬರ್ತಾನೆ ಅಂದ್ಕೊಂಡೆ. ಬರಲಿಲ್ಲ. ಎಳನೀರು ಗಾಡಿಯವರೊಬ್ಬರು ಆಟೋ ನಿಲ್ಲಿಸಿಕೊಟ್ಟರಂತೆ, ತಾತನನ್ನು ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿದ್ದ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಎಕ್ಸ್‌ರೇ ಆಗಿತ್ತು. ಬಲಗೈ ಮಣಿಕಟ್ಟು ಮುರಿದಿತ್ತು. ತಾತನ ಮಗ ಬಂದು ಬಾಯಿಗೆ ಬಂದಂತೆ ಬೈದ್ರು, ಬೈಯೋ ಹಕ್ಕು ಅವರಿಗಿತ್ತು. ಅದೇ ರಾತ್ರಿ ಇವನು ಸ್ಟೇಷನ್‌ಗೆ ಹೋಗಿ ನಡೆದದ್ದನ್ನು ಹೇಳಿದ. ಅದರ ಓಡಾಟ ಇನ್ನೂ ಮುಗಿದಿಲ್ಲ.

ರಾತ್ರಿ ರೂಮಿಗೆ ಬಂದಮೇಲೆ ಕೇಳಿದೆ, "ನಾನು ಬಾ ಅಂದ್ರೂ ಯಾಕ್ ಬರ್ಲಿಲ್ಲ?" ಅಂದ: "ತಾತ ನನ್ನ ಕೈನೇ ಹಿಡ್ಕೊಂಡಿದ್ರು ಮಗಾ. ಬಿಡಿಸ್ಕೊಂಡು ಬರೋಕಾಗ್ಲಿಲ್ಲ."

ನೋಡಿ, ಟೆಸ್ಟ್ ಬರೆಯದೇ ಪಾಸಾದವನು ಸರಿಯಾದ ಕೆಲಸ ಮಾಡಿದ. ನಾಲ್ಕು ಸಲ ಬರೆದವನು ಓಡಿ ಬಾ ಅಂದೆ. ಹಾಗಾದ್ರೆ ಟೆಸ್ಟೇ ದಂಡ ಅಂತ ನೀವು ಹೇಳಬಹುದು. ನಾನು ಹಾಗೆ ಹೇಳಲ್ಲ. ಅವನು ಒಳ್ಳೆಯವನಾದ್ದರಿಂದ ನಿಂತ, ನಿಜ. ಆದರೆ ಗುದ್ದಿದ್ದು ಗೊತ್ತಿಲ್ಲದ್ದರಿಂದ. ಸಣ್ಣ ರಸ್ತೆಯಿಂದ ಮುಖ್ಯರಸ್ತೆಗೆ ಬರುವವನು ಅಲ್ಲಿ ಓಡಾಡುತ್ತಿರುವವರಿಗೆ ದಾರಿ ಬಿಡಬೇಕು, ಇದು ಪಿಡಿಎಫಲ್ಲಿದೆ. ಎಲ್‌ಎಲ್‌ಆರ್ ಇರುವವನು ಬೈಕಿನ ಹಿಂದೆ ಕಲಿಸಿಕೊಡುವ ಲೈಸೆನ್ಸುದಾರನನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸುವಂತಿಲ್ಲ, ಇದೂ ಇದೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಬೇಕು ಅಂತಲೂ ಇದೆ. ತಾತ ಯಾವ ಟೆಸ್ಟೂ ಬರೆದವರಲ್ಲ, ಆದರೂ ನಿಯಮದಂತೆ ಬಲಬದಿಯಲ್ಲೇ ನಡೆದು ಬರ್ತಿದ್ರು. ಅದಕ್ಕೇ ಇವನ ಎಡಗಡೆಯಿಂದ ಬಂದ್ರು. ಆ ಪ್ರಶ್ನೆಯನ್ನು ಇವನೇ ಓದಿ, "ಹೌದಲ್ಲ, ಹಾಗಾದ್ರೆ ತಿರುಗೋವಾಗ ಎಡಕ್ಕೂ ನೋಡ್ಬೇಕು" ಅಂತ ಒಂದು ಸಲ ಅಂದುಕೊಂಡಿದ್ದರೆ? ಅಂದುಕೊಳ್ಳೋ ಆ ಒಂದು ಅವಕಾಶವನ್ನ ನಾನು ಬಿರಿಯಾನಿಗೆ ಮಾರಿಕೊಂಡೆ.

ಇನ್ನು ನನ್ನ ವಿಷಯ. ನಾನು ಓದಿದ್ದು ಉತ್ತರ, ಅದರ ಹಿಂದಿನ ಕಾರಣ ಅಲ್ಲ. ನಾವು ಎಂಜಿನಿಯರಿಂಗಿನವರು ಇದರಲ್ಲಿ ಪಳಗಿದ್ದೇವೆ. ಹಳೇ ಪ್ರಶ್ನೆಪತ್ರಿಕೆ ನೋಡಿ ಡೆರಿವೇಷನ್ ಉರು ಹೊಡೆದು, ಪರೀಕ್ಷೆ ಮುಗಿದ ಸಂಜೆಗೆ ಮರೆತುಬಿಡ್ತೀವಿ. ಆ ವಿದ್ಯೆ ಸೆಮಿಸ್ಟರಿಗೆ ನಡೆಯುತ್ತೆ. ರಸ್ತೆಯಲ್ಲಿ ನಡೆಯಲ್ಲ.

ಹೇಗೆ ಓದಬೇಕು ಅಂತ ನನಗೆ ತೋರಿಸಿದ್ದು ನಮ್ಮ ಪಿಜಿಯ ವಾಚ್‌ಮನ್ ಅಣ್ಣ. ರಾಯಚೂರು ಕಡೆಯವರು. ಲೈಸೆನ್ಸ್ ಮಾಡಿಸಿ ಗೂಡ್ಸ್ ಗಾಡಿ ಓಡಿಸಬೇಕು ಅಂತ ಆಸೆ. ನನ್ನ "ಆರ್‌ಟಿಓ" ಖ್ಯಾತಿ ಕೇಳಿ ಒಂದು ರಾತ್ರಿ ಬಂದ್ರು. ಬರೆದುಕೊಡಿ ಅನ್ನಲಿಲ್ಲ, ಹೇಳಿಕೊಡಿ ಅಂದ್ರು. ಕನ್ನಡದ ಪ್ರಶ್ನೆಗಳನ್ನು ನೋಟ್‌ಬುಕ್ಕಲ್ಲಿ ಬರೆದುಕೊಂಡೇ ತಂದಿದ್ರು.

"ಹಳದಿ ದೀಪ ಬಿದ್ರ ನಿಲ್ಲಾಕ ತಯಾರಾಗ್ಬೇಕಂತ ಐತ್ರಿ. ಇಲ್ಲಿ ಎಲ್ಲಾರೂ ಇನ್ನಾ ಜೋರ್ ಬಿಡ್ತಾರಲ್ರಿ ಸರ?"

"ಹೌದಣ್ಣ, ಆದ್ರೂ ಉತ್ತರ ಅದೇ."

"ಉತ್ತರ ಗೊತ್ತಾತ್ರಿ. ಯಾಕಂತ ಹೇಳ್ರಿ."

ಪ್ರತಿ ಪ್ರಶ್ನೆಗೂ ಇದೇ. ದೃಷ್ಟಿ ಇಲ್ಲದವರು ಬಿಳಿ ಕೋಲು ಹಿಡಿದು ರಸ್ತೆ ದಾಟುವಾಗ ಆ ಕೋಲನ್ನೇ ನಿಲ್ಲಿ ಅನ್ನೋ ಸಂಕೇತ ಅಂತ ತಿಳಿಯಬೇಕು, ಇದನ್ನು ಓದಿ ಅಣ್ಣ ಸ್ವಲ್ಪ ಹೊತ್ತು ಸುಮ್ಮನಾದ್ರು. "ಅಂದ್ರ ಅವ್ರ ಕೈಯಾಗ ಒಂದು ಸಿಗ್ನಲ್ ಐತಿ ಅಂದಂಗಾತು" ಅಂದ್ರು. ನಾನು ಅದೇ ಪ್ರಶ್ನೆ ದಾಟಿದ್ದು ಎರಡು ಸೆಕೆಂಡಲ್ಲಿ.

ಅವರ ಜೊತೆ ಕೂತಮೇಲೆ ನನಗೂ "ಯಾಕೆ" ಕೇಳೋ ಚಟ ಹತ್ತಿತು. ಸ್ಟಾಪ್ ಫಲಕಕ್ಕೆ ಎಂಟು ಮೂಲೆ, ದಾರಿ ಬಿಡಿ ಫಲಕಕ್ಕೆ ತಲೆಕೆಳಗಾದ ತ್ರಿಕೋನ ಯಾಕೆ? ಬರಹ ಕಾಣದಿದ್ದರೂ ಆಕಾರದಿಂದಲೇ ಗುರುತು ಸಿಗಲಿ ಅಂತ. ಅರ್ಧ ಫಲಕ ಫ್ಲೆಕ್ಸ್ ಹಿಂದೆ, ಇನ್ನರ್ಧ ಮರದ ಕೊಂಬೆಯ ಹಿಂದೆ ಇರೋ ನಮ್ಮೂರಲ್ಲಿ ಇದು ಎಷ್ಟು ಉಪಯೋಗ ನೋಡಿ. ದುಂಡಗಿದ್ದರೆ ಸಾಮಾನ್ಯವಾಗಿ ಆಜ್ಞೆ, ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ. ಇಷ್ಟು ತಿಳಿದರೆ ಚಿಹ್ನೆಗಳ ಅರ್ಧ ಪಾಠ ಮುಗೀತು.

ಮುಂದಿನ ವಾಹನದಿಂದ ಅಂತರ ಇರಲಿ ಅನ್ನೋದಕ್ಕೆ ನಮ್ಮ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಸಾಕು. ಗಂಟೆಗೆ 40 ಕಿ.ಮೀ. ಅಂದ್ರೆ ಸೆಕೆಂಡಿಗೆ 11 ಮೀಟರ್. ಕಣ್ಣು ಕಂಡು ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಅಂತಿಟ್ಟುಕೊಳ್ಳಿ. ಘರ್ಷಣಾಂಕ 0.7 ಇರುವ ಒಣ ರಸ್ತೆಯಲ್ಲಿ ಬ್ರೇಕಿನ ದೂರ ಸುಮಾರು 9 ಮೀಟರ್. ಒಟ್ಟು 20. ಅದೇ 60 ಕಿ.ಮೀ. ವೇಗಕ್ಕೆ 17 ಮತ್ತು 20 ಸೇರಿ 37 ಮೀಟರ್. ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿದರೆ 52 ಮೀಟರ್. ವೇಗ ಒಂದೂವರೆ ಪಟ್ಟಾದರೆ ಬ್ರೇಕಿನ ದೂರ ಎರಡೂಕಾಲು ಪಟ್ಟು. ಪರೀಕ್ಷೆಯಲ್ಲಿ ಈ ಲೆಕ್ಕ ಹತ್ತು ಸಲ ಮಾಡಿದ್ದೀವಿ, ಬೈಕ್ ಹತ್ತಿದಾಗ ಒಂದು ಸಲವೂ ನೆನಪಾಗಲ್ಲ.

ಇನ್ನು ಅಪಘಾತದ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ತೆಗೆದು ಓದಿದೆ. ಜನ ಹೊಡೀತಾರೆ ಅನ್ನೋ ನಮ್ಮ ಭಯ ಕಾನೂನಿಗೂ ಗೊತ್ತು. ರೊಚ್ಚಿಗೆದ್ದ ಗುಂಪಿನಿಂದ ನಿಲ್ಲಲು ಸಾಧ್ಯವೇ ಇಲ್ಲದಿದ್ದರೆ ಆ ಮಾತು ಬೇರೆ ಅಂತ ಅಲ್ಲೇ ಬರೆದಿದೆ. ಆದರೆ ಪೊಲೀಸರಿಗೆ ತಿಳಿಸೋ ಕೆಲಸ ಆಗಲೂ ತಪ್ಪಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಸೆಕ್ಷನ್, ಗಾಯಾಳುವಿಗೆ ಒಳ್ಳೇ ಮನಸ್ಸಿಂದ ನೆರವಾಗುವ ದಾರಿಹೋಕರಿಗೆ ರಕ್ಷಣೆ ಕೊಡುತ್ತೆ. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ಫೋನಲ್ಲಿ "108ಕ್ಕೆ ಮಾಡು, ಅಲ್ಲೇ ಇರು, ನಾನು ಬರ್ತಿದ್ದೀನಿ" ಅನ್ನಬಹುದಿತ್ತು.

"ಬೇಗೂರಲ್ಲಿ ಯಾರ್ ಗುರು ರೂಲ್ಸ್ ಫಾಲೋ ಮಾಡ್ತಾರೆ?" ಅಂತ ಕೇಳೋರಿದ್ದಾರೆ. ಮಾತು ಸುಳ್ಳಲ್ಲ. ಬೆಂಗಳೂರು ಅನ್ನೋ ಹೆಸರನ್ನು ಕಲ್ಲಲ್ಲಿ ಕೆತ್ತಿಟ್ಟ ಊರು ಇದು, ಸುಮಾರು ಕ್ರಿ.ಶ. 890ರ ವೀರಗಲ್ಲು ಇಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿದೆ. ಊರು ಅಷ್ಟು ಹಳೇದು, ಎಷ್ಟೋ ಬೀದಿಗಳು ಇನ್ನೂ ಎತ್ತಿನ ಗಾಡಿಯ ಅಳತೆಯವು, ಟ್ರಾಫಿಕ್ ಮಾತ್ರ ಎಲೆಕ್ಟ್ರಾನಿಕ್ ಸಿಟಿಯದ್ದು. ಜೀಬ್ರಾ ಪಟ್ಟೆ ಹುಡುಕಬೇಕು. ಯೂ ಟರ್ನ್ ದೂರ ಅಂತ ರಾಂಗ್ ಸೈಡಲ್ಲಿ ಬರೋರು ಹಾರ್ನ್ ಮಾಡಿ ನಮ್ಮನ್ನೇ ಬೈತಾರೆ. ಆದರೆ ರಸ್ತೆ ಚೆನ್ನಾಗಿರೋ ಕಡೆ ರಸ್ತೆಯೇ ನಮ್ಮನ್ನು ಸ್ವಲ್ಪ ಕಾಯುತ್ತೆ. ಇಲ್ಲಿ ಕಾಯೋಕೆ ಇರೋದು ನಮ್ಮ ತಲೇಲಿರೋದು ಮಾತ್ರ. ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಜನ. ದಿನಕ್ಕೆ 460ಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 44 ಮಂದಿಗಿಂತ ಹೆಚ್ಚು ದ್ವಿಚಕ್ರ ವಾಹನದವರು, ಅಂದ್ರೆ ನಮ್ಮ ಥರದವರೇ.

ಟೆಸ್ಟೂ ಗಟ್ಟಿಯಾಗಬೇಕು, ಅದನ್ನೂ ಹೇಳಿಬಿಡ್ತೀನಿ. ಬ್ರಿಟನ್ನಿನಲ್ಲಿ ಕಾರಿನ ಥಿಯರಿ ಪರೀಕ್ಷೆಗೆ 50 ಪ್ರಶ್ನೆ, 43 ಸರಿ ಇದ್ದರೆ ಮಾತ್ರ ಪಾಸು. ಜೊತೆಗೆ 2002ರಿಂದ ವಿಡಿಯೋ ತೋರಿಸಿ, ಮುಂದೆ ಬರೋ ಅಪಾಯವನ್ನು ಎಷ್ಟು ಬೇಗ ಗುರುತಿಸ್ತೀರಿ ಅಂತಲೂ ನೋಡ್ತಾರೆ. ಎಡಗಡೆಯಿಂದ ಬರೋ ತಾತನನ್ನು ಕಾಣೋ ಪರೀಕ್ಷೆ ಅಂದ್ರೆ ಅದು. ನಮ್ಮಲ್ಲಿ ನೂರಕ್ಕೆ 40 ತಪ್ಪಿದ್ದರೂ ಲೈಸೆನ್ಸಿನ ದಾರಿ ತೆರೆಯುತ್ತೆ. ಆ 40ರಲ್ಲಿ ಯಾವ ಪ್ರಶ್ನೆ ಇತ್ತು ಅಂತ ಗೊತ್ತಾಗೋದು ರಸ್ತೆಗಿಳಿದ ಮೇಲೆ. ಪಾಸ್ ಮಾರ್ಕ್ ಬದಲಿಸೋದು ನಮ್ಮ ಕೈಲಿಲ್ಲ. ನಮ್ಮ ಟೆಸ್ಟ್ ನಾವೇ ಬರೆಯೋದು ನಮ್ಮ ಕೈಲಿದೆ.

ಕನ್ನಡ ಸಂಘಕ್ಕೆ ಒಂದು ಕೋರಿಕೆ. ಸೆಮಿಸ್ಟರ್ ಶುರುವಾದಾಗ ಒಂದು ಭಾನುವಾರ, ಎರಡು ಗಂಟೆ, ಕನ್ನಡದ ಪ್ರಶ್ನೆಗಳನ್ನು ಒಟ್ಟಿಗೆ ಕೂತು ಓದೋಣ. ಉತ್ತರ ಹೇಳಿಕೊಡೋದು ಬೇಡ, "ಯಾಕೆ" ಮಾತ್ರ ಮಾತಾಡೋಣ. ಮೆಸ್ಸಿನ ಅಣ್ಣಂದಿರು, ಸೆಕ್ಯುರಿಟಿಯವರು, ಕಾಲೇಜ್ ಬಸ್ಸಿನ ಕ್ಲೀನರ್‌ಗಳನ್ನೂ ಕರೆಯೋಣ. ನಮಗೆ ಲೈಸೆನ್ಸ್ ಅಂದ್ರೆ ಬೈಕು, ಅವರಿಗೆ ಅದು ಕೆಲಸ. ಅವರು ಕೇಳೋ ಪ್ರಶ್ನೆಗಳು ನಮಗಿಂತ ಚೆನ್ನಾಗಿರುತ್ತವೆ, ಇದಕ್ಕೆ ನಾನೇ ಸಾಕ್ಷಿ.

ತಾತನ ಕೈ ಕೂಡಿದೆ. ಆದರೆ ಹಾಲಿನ ಪ್ಯಾಕೆಟ್ ಈಗ ಎಡಗೈಯಲ್ಲಿ ಹಿಡೀತಾರೆ. ರೂಮ್‌ಮೇಟ್ ಆಗಾಗ ಹೋಗಿ ಮಾತಾಡಿಸಿಕೊಂಡು ಬರ್ತಾನೆ. ನಾನು ಒಂದೇ ಸಲ ಹೋಗಿದ್ದು. ಅವತ್ತು ಫೋನಲ್ಲಿ ಏನು ಹೇಳಿದ್ದೆ ಅಂತ ಅವರಿಗೆ ಹೇಳೋ ಧೈರ್ಯ ಇನ್ನೂ ಬಂದಿಲ್ಲ.

ಹೋದ ವಾರ ಜೂನಿಯರ್ ಒಬ್ಬ ರೂಮಿಗೆ ಬಂದ. "ಅಣ್ಣಾ, ನಾಳೆ ನಂದು ಎಲ್‌ಎಲ್‌ಆರ್. ಪಕ್ಕದಲ್ಲಿ ಕೂತ್ಕೋತೀಯಾ? ಬಿರಿಯಾನಿ ಪಕ್ಕಾ."

"ಬಿರಿಯಾನಿ ನಾನೇ ಕೊಡಿಸ್ತೀನಿ," ಅಂದೆ. "ಇವತ್ತು ರಾತ್ರಿ ಪಕ್ಕದಲ್ಲಿ ಕೂತು ಓದಿಸ್ತೀನಿ. ನಾಳೆ ಟೆಸ್ಟ್ ನೀನೇ ಬರಿ."