ಮನೆಗೆ ವಿಮೆ: ಭೂಕಂಪಕ್ಕಿಂತ ಮೊದಲು ಮಳೆಯನ್ನು ನೆನೆಯೋಣ

ಕಳೆದ ಬೇಸಿಗೆಯಲ್ಲಿ ಮೆಣಸಿನಕಾಯಿ ಮಾರಾಟ ಮುಗಿದ ಮೇಲೆ ಬ್ಯಾಡಗಿ ತಾಲ್ಲೂಕಿನ ನಮ್ಮ ಮೂಲಮನೆಯಲ್ಲಿ ಒಂದು ಚರ್ಚೆ ಎದ್ದಿತು. ಕೈಯಲ್ಲಿ ಉಳಿದ ಅಷ್ಟಿಷ್ಟು ಹಣದಲ್ಲಿ ಮನೆಗೆ ಭೂಕಂಪ ಹಾಗೂ ಪ್ರಕೃತಿ ವಿಕೋಪದ ವಿಮೆ ಮಾಡಿಸಬೇಕೆ, ಇಲ್ಲವೆ ಅದನ್ನು ಹಳೆಯ ಗೋಡೆಯ ದುರಸ್ತಿಗೆ ಹಾಕಬೇಕೆ? ಬೆಳೆವಿಮೆಯಿಂದ ಬೇಸತ್ತಿರುವ ಅಣ್ಣ ವಿಮೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ರಾಣೆಬೆನ್ನೂರಿನಲ್ಲಿ ನೌಕರಿಯಲ್ಲಿರುವ ಅವರ ಮಗ ವಿಮೆ ಬೇಕೇ ಬೇಕೆಂದು ಹಟ ಹಿಡಿದಿದ್ದ. ಇವರಿಬ್ಬರ ನಡುವೆ, ಮಣ್ಣಿನ ಗೋಡೆಯ ಪಡಸಾಲೆಯಲ್ಲಿ ಎಂದಿನಂತೆ ಮಲಗುವ ನಮ್ಮ ತಾಯಿ. ಘಟ್ಟದ ಊರಿನಲ್ಲಿ ನೆಲೆಸಿ ಮಣ್ಣನ್ನೇ ಓದುವ ವೃತ್ತಿ ಹಿಡಿದಿರುವ ನನ್ನನ್ನು ತೀರ್ಪು ಹೇಳಲು ಕರೆದರು. ಆ ತೀರ್ಪನ್ನು ತಲುಪಿದ ಬಗೆಯನ್ನು ಓದುಗರ ಮುಂದಿಡುತ್ತಿದ್ದೇನೆ; ಹಾವೇರಿ ಜಿಲ್ಲೆಯ ಸಾವಿರಾರು ಮನೆಗಳ ಪ್ರಶ್ನೆಯೂ ಇದೇ ಆಗಿರುವುದರಿಂದ.

ನೆಲ ನಡುಗುವ ಭಯ

ಭೂಕಂಪದ ಭಯವನ್ನು ಮೊದಲು ಅಳೆಯೋಣ. ಭಾರತೀಯ ಮಾನಕ ಸಂಸ್ಥೆಯ 2002ರ ನಕ್ಷೆ ದೇಶವನ್ನು 2ರಿಂದ 5ರವರೆಗಿನ ನಾಲ್ಕು ಕಂಪನ ವಲಯಗಳಾಗಿ ವಿಂಗಡಿಸಿತು. ಕರ್ನಾಟಕ ಬಂದುದು ಕೆಳಗಿನ ಎರಡರಲ್ಲಿ. ಹಿಮಾಲಯದ ಅಡಿಯ ಊರುಗಳಿಗೆ ಹೋಲಿಸಿದರೆ ನಮ್ಮ ಅಪಾಯ ಸಣ್ಣದು.

ಸಣ್ಣದು ಎಂದರೆ ಇಲ್ಲವೆಂದಲ್ಲ. ದಖ್ಖನ್ ಪೀಠಭೂಮಿ ಅಲುಗದ ಶಿಲೆ ಎಂಬ ನಂಬಿಕೆಯನ್ನು 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಮುರಿಯಿತು. ಲಾತೂರು ಜಿಲ್ಲೆಯ ಕಿಲ್ಲಾರಿ ಅಂದಿನ ನಕ್ಷೆಯ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಕಂಪನ ಮಾತ್ರವಲ್ಲ, ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆಯ ಭಾರ. 2021ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ಅದುರಿದಾಗ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದ್ದೂ ಇದೇ ಕಾರಣಕ್ಕೆ. ನೆಲಕ್ಕಿಂತ ಅವರಿಗೆ ತಮ್ಮ ಚಾವಣಿಯ ಭಯ ಹೆಚ್ಚಾಗಿತ್ತು. ನಮ್ಮ ಜಂತಿಮಾಳಿಗೆಯ ಮನೆಗಳನ್ನು ಕಂಡಾಗಲೆಲ್ಲ ನನಗೆ ಕಿಲ್ಲಾರಿ ನೆನಪಾಗುತ್ತದೆ.

ನಿಜವಾದ ವೈರಿ ನೀರು

ಆದರೂ ಹಾವೇರಿ ಸೀಮೆಯಲ್ಲಿ ವರ್ಷ ಬಿಟ್ಟು ವರ್ಷ ಮನೆ ಬೀಳುವುದು ಭೂಕಂಪದಿಂದಲ್ಲ, ಮಳೆಯಿಂದ. ವರದಾ ನದಿ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಸಹ್ಯಾದ್ರಿಯ ಮಳೆಯನ್ನು ಹೊತ್ತು ಬನವಾಸಿಯನ್ನು ಬಳಸಿ ಕರ್ಜಗಿ, ಹೊಸರಿತ್ತಿಗಳ ಕಡೆಗೆ ಇಳಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಘಟ್ಟದಲ್ಲಿ ಕಾಡು, ಜೌಗು, ಕೆರೆಗಳು ಹಿಡಿದಿಟ್ಟುಕೊಳ್ಳದ ನೀರು ಬಯಲಿನವರ ಹೊಸ್ತಿಲಿಗೆ ಬರುತ್ತದೆ. 2019ರ ಆಗಸ್ಟ್‌ನ ಪ್ರವಾಹ ಇದನ್ನು ಮರೆಯಲಾಗದಂತೆ ತೋರಿಸಿತು.

ನದಿಯೇ ಇಲ್ಲದ ಊರುಗಳಲ್ಲಿಯೂ ಗೋಡೆಗಳು ಬೀಳುತ್ತವೆ. ಮಣ್ಣಿನ ಗೋಡೆಯ ಬಲವಿರುವುದು ಅದರ ಒಣತನದಲ್ಲಿ. ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದಾಗ ಬುಡದಿಂದ ತೇವ ಏರಿ, ಜೇಡಿಯ ಬಂಧ ಸಡಿಲಿ, ಮೇಲಿನ ಭಾರ ತಾಳದೆ ಗೋಡೆ ಕೂರುತ್ತದೆ. ಹಿರಿಯರು ಇದನ್ನರಿತು ಕಲ್ಲಿನ ಎತ್ತರದ ತಳಪಾಯ ಹಾಕಿ, ಚಾವಣಿಯ ಅಂಚನ್ನು ಮುಂದಕ್ಕೆ ಚಾಚಿದ್ದರು. ನಾವು ಆ ಎರಡನ್ನೂ ಕೆಡಿಸಿದ್ದೇವೆ. ಹಳೆಯದರ ಮೇಲೆ ಹೊಸದಾಗಿ ಹಾಕುತ್ತ ಹೋದ ಕಾಂಕ್ರೀಟ್ ರಸ್ತೆ ಎಷ್ಟೋ ಓಣಿಗಳಲ್ಲಿ ಹೊಸ್ತಿಲಿಗಿಂತ ಎತ್ತರಕ್ಕೇರಿ, ನೀರನ್ನು ಒಳಗೆ ತಳ್ಳುತ್ತಿದೆ. ಅಂದಕ್ಕಾಗಿ ಮಣ್ಣಿನ ಗೋಡೆಗೆ ಬಳಿದ ಸಿಮೆಂಟಿನ ಗಿಲಾವು ಒಳಗಿನ ತೇವ ಆರಲು ಬಿಡುತ್ತಿಲ್ಲ. 2024ರ ಜುಲೈಯಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ನೆನೆದ ಮನೆ ಕುಸಿದು ಒಬ್ಬ ಮಹಿಳೆ ಹಾಗೂ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಅಂಥ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ವಿಮೆಯ ಮಾತಾಡಲಿಲ್ಲ. ತಾಯಿಯ ಮಂಚದ ಕಡೆಗೆ ನೋಡಿದರು.

ಪಾಲಿಸಿಯಲ್ಲಿ ಇರುವುದು, ಇಲ್ಲದಿರುವುದು

ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಕಾಡ್ಗಿಚ್ಚು, ಭೂಕಂಪ ಎಲ್ಲವೂ ಅದರೊಳಗಿವೆ. ಆದುದರಿಂದ ಭೂಕಂಪಕ್ಕೆಂದು ಬೇರೆ ವಿಮೆ ಬೇಕೆ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಬಿದ್ದುಹೋಗುತ್ತದೆ. ನೆರೆಗಾಗಿ ಕೊಂಡವನಿಗೆ ಭೂಕಂಪದ ರಕ್ಷಣೆ ಜೊತೆಗೇ ಬರುತ್ತದೆ.

ಅಣ್ಣನ ಸಂಶಯಕ್ಕೂ ಉತ್ತರ ಇಲ್ಲಿದೆ. ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮುಖ್ಯ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ನಮ್ಮ ಹೊಲ ಹಾಳಾಗಿ ನೆರೆಯವರದು ಉಳಿದರೆ ನಮಗೆ ದಕ್ಕುವುದು ಅನುಮಾನ. ಮನೆ ವಿಮೆಯಲ್ಲಿ ಲೆಕ್ಕಕ್ಕೆ ಬರುವುದು ನಮ್ಮ ಮನೆಯ ನಷ್ಟವೊಂದೇ. ವಿಮಾ ಮೊತ್ತವನ್ನು ಜಾಗದ ಬೆಲೆಯ ಮೇಲಲ್ಲ, ಅಷ್ಟೇ ವಿಸ್ತೀರ್ಣವನ್ನು ಮರಳಿ ಕಟ್ಟುವ ವೆಚ್ಚದ ಮೇಲೆ ಕಟ್ಟುತ್ತಾರೆ. ಆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಗೃಹೋಪಯೋಗಿ ವಸ್ತುಗಳಿಗೂ ರಕ್ಷಣೆ ದೊರೆಯುತ್ತದೆ. ಹತ್ತು ಲಕ್ಷದ ಮೊತ್ತಕ್ಕೆ ನಮಗೆ ಹೇಳಿದ ವಾರ್ಷಿಕ ಕಂತು ಒಂದು ಚೀಲ ಡಿಎಪಿ ಗೊಬ್ಬರದ ಬೆಲೆಗಿಂತ ಕಡಿಮೆಯಿತ್ತು.

ಇನ್ನು ಇಲ್ಲದಿರುವುದರ ಪಟ್ಟಿ. ರಾಣೆಬೆನ್ನೂರು ತಾಲ್ಲೂಕಿನ ಎರೆನೆಲದ ಊರಿನಲ್ಲಿ ನನ್ನ ತಂಗಿಯ ಮನೆಯಿದೆ. ಎರೆಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರೊಡನೆ ತಳಪಾಯವೂ ಏರಿಳಿದು ಗೋಡೆಯಲ್ಲಿ ಓರೆಬಿರುಕು ಮೂಡುತ್ತದೆ. ಇಂತಹ ನಿಧಾನದ ಬಿರುಕು, ತುಂಬಿದ ಮಣ್ಣು ಕೂರುವುದು, ನದಿಯ ಕೊರೆತ, ಕಳಪೆ ಕಾಮಗಾರಿ ಇವನ್ನು ಪಾಲಿಸಿ ಹೊರಗಿಡುತ್ತದೆ. ಮಾರಾಟಕ್ಕೆಂದು ಕೂಡಿಟ್ಟ ಮೆಣಸಿನಕಾಯಿ ಚೀಲ, ಬಿತ್ತನೆ ಬೀಜ, ಕೊಟ್ಟಿಗೆಯ ದನಗಳು ಗೃಹೋಪಯೋಗಿ ವಸ್ತುಗಳಲ್ಲ. ರೈತನ ಮನೆಯೆಂದರೆ ಕಣಜವೂ ಹೌದು, ಕೊಟ್ಟಿಗೆಯೂ ಹೌದು ಎಂಬುದನ್ನು ಆ ದಾಖಲೆ ಅರಿಯದು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ವಿಚಾರಿಸಿದ ಕಡೆ ಇಟ್ಟಿಗೆಯ ಹೊಸ ಕೋಣೆಗಳಿಗೆ ಒಪ್ಪಿದರು, ಮಣ್ಣಿನ ಗೋಡೆಯ ಭಾಗಕ್ಕೆ ಒಪ್ಪಲಿಲ್ಲ. ಬೀಳುವ ಸಂಭವ ಹೆಚ್ಚಿರುವ ಗೋಡೆಗೇ ವಿಮೆ ಇಲ್ಲ!

ಪರಿಹಾರ ಸಾಲದೆ?

‘ಮನೆ ಬಿದ್ದರೆ ಸರ್ಕಾರ ಕೊಡುತ್ತದಲ್ಲ’ ಎಂಬ ಮಾತು ನಮ್ಮ ಕಟ್ಟೆಗಳಲ್ಲಿ ಸಾಮಾನ್ಯ. 2019ರಲ್ಲಿ ರಾಜ್ಯ ಸರ್ಕಾರ ಪೂರ್ಣ ಹಾನಿಗೊಂಡ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಅದು ಆ ವರ್ಷದ ತೀರ್ಮಾನ, ಶಾಶ್ವತ ಹಕ್ಕಲ್ಲ. ವಿಪತ್ತು ಪರಿಹಾರ ನಿಧಿಗೆ 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿಪಡಿಸಿದ ಮಾನದಂಡದಲ್ಲಿ ಬಯಲು ಸೀಮೆಯ ಪೂರ್ಣ ಹಾನಿಗೊಂಡ ಮನೆಗೆ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಹಾನಿ ಶೇಕಡಾ 15 ಮುಟ್ಟಿದರೆ ಮಾತ್ರ. ಈ ಹಣದಲ್ಲಿ ಒಂದು ಗೋಡೆಯೂ ಏಳದು. ಮನೆ ಎ, ಬಿ, ಸಿ ಯಾವ ವರ್ಗಕ್ಕೆ ಸೇರಿತೆಂಬ ಜಗಳದಲ್ಲಿ ಮುಂದಿನ ಮಳೆಗಾಲ ಬಂದಿರುತ್ತದೆ.

ಹಾಗೆಂದು ವಿಮೆಯೇ ಸಂಜೀವಿನಿ ಎನ್ನಲಾರೆ. 1999ರ ಮರ್ಮರಾ ಭೂಕಂಪದ ಬಳಿಕ ಟರ್ಕಿ ದೇಶ 2000ದಲ್ಲಿ ಮನೆಗಳಿಗೆ ಭೂಕಂಪ ವಿಮೆಯನ್ನು ಕಡ್ಡಾಯಗೊಳಿಸಿತು. 2023ರ ಫೆಬ್ರುವರಿಯ ಭೂಕಂಪದಲ್ಲಿ ಅಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ವಿಮೆಯಿದ್ದೂ ಗಟ್ಟಿ ಕಟ್ಟಡವಿರದಿದ್ದರೆ ಜೀವ ಉಳಿಯದು. ಆ ಕಡ್ಡಾಯ ವಿಮೆಯ ವ್ಯಾಪ್ತಿಯಿಂದಲೂ ಹಳ್ಳಿಯ ಮನೆಗಳು ಹೊರಗೇ ಇದ್ದವೆಂಬುದು ನಮಗೆ ಅಪರಿಚಿತ ಕಥೆಯಲ್ಲ.

ನಾವು ಮಾಡಿದ್ದು, ಕೇಳಬೇಕಾದದ್ದು

ಕೊನೆಗೆ ನಾನು ಹೇಳಿದ್ದು ಇಷ್ಟು. ವಿಮೆ ಹಣವನ್ನು ಮರಳಿಸಬಲ್ಲದು, ಮನುಷ್ಯರನ್ನಲ್ಲ. ಆದುದರಿಂದ ಜೀವ ತೆಗೆಯಬಲ್ಲ ಗೋಡೆಗೆ ಮೊದಲ ಹಣ, ಮತ್ತೆ ಕಟ್ಟಬೇಕಾದ ಗೋಡೆಗೆ ವಿಮೆ. ತಾಯಿಯ ಮಂಚ ಇಟ್ಟಿಗೆಯ ಕೋಣೆಗೆ ಬಂತು; ಅವರು ಎರಡು ದಿನ ಮುನಿಸಿಕೊಂಡಿದ್ದರು. ಪಡಸಾಲೆಯ ಗೋಡೆಯ ಬುಡದಲ್ಲಿ ಚರಂಡಿ ತೋಡಿ, ಸಿಮೆಂಟಿನ ಗಿಲಾವು ಕಿತ್ತು ಮಣ್ಣು ಮತ್ತು ಸುಣ್ಣದ ಗಿಲಾವು ಮಾಡಿಸಿ, ಚಾವಣಿಯ ಅಂಚನ್ನು ಮುಂದೆ ಚಾಚಿದೆವು. ಹೊಸ ಕೋಣೆಗಳಿಗೆ ಪಾಲಿಸಿ ಕೊಂಡೆವು. ಒಂದು ಚೀಲ ಗೊಬ್ಬರದ ಬೆಲೆಯಲ್ಲಿ ಅಷ್ಟು ದೊಡ್ಡ ನಷ್ಟದ ಭಾರ ಇಳಿಯುವುದಾದರೆ ಬೇಡವೆನ್ನಲು ಕಾರಣವಿಲ್ಲ ಎಂದು ಅಣ್ಣನೂ ಒಪ್ಪಿದರು. ಕೊಳ್ಳುವವರು ಮನೆಯ ಒಳಹೊರಗಿನ ಚಿತ್ರ ತೆಗೆದು ಊರಾಚೆ ಇರುವ ಬಂಧುವಿನ ಬಳಿ ಇರಿಸಲಿ. ಗೋಡೆ ಯಾವುದರದ್ದೆಂಬುದನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಲಿ.

ಒಂದು ಮನೆಯ ಮಟ್ಟಿಗೆ ಇದು ಸಾಕು. ಮಣ್ಣಿನ ಗೋಡೆಯೊಂದೇ ಇರುವವರು ಏನು ಮಾಡಬೇಕು? ಅವರಿಗೆ ಮಂಚ ಸರಿಸಲು ಇನ್ನೊಂದು ಕೋಣೆಯಿಲ್ಲ, ಕೊಳ್ಳಲು ಪಾಲಿಸಿಯೂ ಇಲ್ಲ. 2021ರಲ್ಲಿ ನಾಗಾಲ್ಯಾಂಡ್ ಅತಿವೃಷ್ಟಿಗೆ ರಾಜ್ಯದ ಹೆಸರಿನಲ್ಲಿಯೇ ವಿಮೆ ಪಡೆಯುವ ಪ್ರಯೋಗ ಮಾಡಿತು. ನಮ್ಮ ಸರ್ಕಾರವೂ ಮಣ್ಣಿನ ಮನೆಗಳ ಪರವಾಗಿ ಅಂತಹ ದಾರಿಯನ್ನು ಯೋಚಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳ ಜೀವ ಮತ್ತು ಆರೋಗ್ಯ ವಿಮೆಯ ಜಿಎಸ್‌ಟಿ ತೆಗೆದವರು ಮನೆ ವಿಮೆಯನ್ನು ಶೇಕಡಾ 18ರಲ್ಲಿಯೇ ಉಳಿಸಿದ್ದೇಕೆಂದು ಕೇಳಬಹುದು. ಅದಕ್ಕಿಂತ ಹತ್ತಿರದ ಕೆಲಸವೊಂದಿದೆ. ಮುಂಗಾರಿಗೆ ಮುನ್ನ ಪ್ರತಿ ಗ್ರಾಮಸಭೆಯಲ್ಲಿ ಊರಿನ ನೆನೆಯುವ ಗೋಡೆಗಳ ಪಟ್ಟಿ ಮಾಡಿಸೋಣ. ಹೊಸ್ತಿಲಿಗಿಂತ ಎತ್ತರದ ರಸ್ತೆಗೆ ಚರಂಡಿಯಿಲ್ಲದೆ ಬಿಲ್ಲು ಆಗಬಾರದೆಂದು ಪಟ್ಟು ಹಿಡಿಯೋಣ. ಘಟ್ಟದ ಮೇಲಿರುವ ನಾವು ವರದೆಯ ತಲೆಯ ಮೇಲಿನ ಕಾಡನ್ನೂ ಕೆರೆಯನ್ನೂ ಉಳಿಸೋಣ. ಕೆಳಗಿನವರ ಮನೆಗಳಿಗೆ ನಾವು ಕಟ್ಟಬಹುದಾದ ಕಂತು ಅದು.